ಮಸಿ ಹಿಡಿದ ಕಲ್ಲು

ಗ್ಯೂಮ್ರಿಯಲ್ಲಿ ಕಲ್ಲಿಗೆ ಎರಡೇ ಬಣ್ಣ:
ಒಂದು ಕಪ್ಪು, ಇನ್ನೊಂದು ಮಾಸಿದ ಜಾಜಿನ ಕೆಂಪು.
ನೆಲ ನಡುಗಿದ ಆ ಡಿಸೆಂಬರಿನ ನಂತರ
ಎರಡೂ ಒಂದೇ ರಾಶಿ.

ನಾನು ಹ್ರಾಚಿಕ್, ಗೋಡೆ ಕೆಲಸದವ.
ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೂ ತಟ್ಟುತ್ತೇನೆ,
ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಕಿವಿ ಕೊಟ್ಟು.
ಠಣ್ ಅಂದದ್ದು ಗೋಡೆಯ ಮುಖಕ್ಕೆ,
ಬೊದ್ ಅಂದದ್ದು ಗೋಡೆಯ ಹೊಟ್ಟೆಗೆ.
ಏನೂ ಅನ್ನದ್ದನ್ನು ಪಕ್ಕಕ್ಕಿಡುತ್ತೇನೆ,
ಅದಕ್ಕಿನ್ನೂ ಗಾಬರಿ ಇಳಿದಿಲ್ಲ.

ಮನೆ ಕಟ್ಟಿ ನೋಡು ಅನ್ನುತ್ತಾರೆ.
ನಾನು ಬಿಚ್ಚಿಯೂ ನೋಡಿದವ.

ಕಾಲ್ಚೀಲದ ಕಾರ್ಖಾನೆಯ ತೊಲೆ ತಂದೆವು,
ನಿಂತುಹೋದ ಟ್ರಾಮಿನ ಎರಡು ಕಿಟಕಿ,
ಬಾಗಿಲಿಗೆ, ಶಾಲೆಯ ಕರಿಹಲಗೆ.
ಬಿಸಿಲು ಓರೆಯಾದಾಗ ಅದರ ಮೇಲೆ
ಯಾರೋ ಒತ್ತಿ ಬರೆದ ಭಾಗಾಕಾರ ಏಳುತ್ತದೆ.
ಶೇಷ ಎಷ್ಟೆಂದು ಬರೆದಿಲ್ಲ.

ಮನೆ ಶೋಘಿಕಳದು. ಏಳು ಚಳಿಗಾಲ
ತಗಡಿನ ಡಬ್ಬಿಯಲ್ಲಿ ಕಳೆದವಳು.
ಅವಳ ಪಡುವಣ ಗೋಡೆಯಲ್ಲೊಂದು ಕಲ್ಲಿಗೆ
ಮುಖದ ತುಂಬ ಮಸಿ.
ಉಜ್ಜಿದೆ. ಸುಣ್ಣ ಬಳಿದೆ, ಮೂರು ಸಲ.
ಮೂರು ಸಲವೂ ಒಳಗಿನಿಂದ ಬೆವರಿ
ಯಾರದೋ ಹೊಗೆ ಮೇಲೆ ಬಂತು.
ತಿರುಗಿಸಿ ಇಡು, ಅಂದಳು.
ಹಿಂದುಗಡೆ ಮೂಲೆ ಮುರಿದಿದೆ, ಆಗದು, ಅಂದೆ.

ಛಾವಣಿ ಮುಚ್ಚಿದ ದಿನ ಬೀದಿಯೆಲ್ಲ ಬಂತು,
ರೊಟ್ಟಿ, ಉಪ್ಪು, ಲೇಬಲ್ಲಿಲ್ಲದ ಒಂದು ಬಾಟಲಿ.
ವಾರ್ಸೆನಿಕ್ ಮುದುಕಿ ಗೋಡೆಗುಂಟ ನಡೆದು
ಮಸಿಯ ಕಲ್ಲಿನೆದುರು ನಿಂತಳು.
ಅದರ ಅಂಚಿಗೆ ಚಾಕುವಿನಿಂದ ಗೀರಿದ ಅರ್ಧ ದೋಣಿ,
ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.
ಬೆರಳಿಟ್ಟಳು.
'ಇದು ನಮ್ಮ ಒಲೆಯ ಹಿಂದಿನದು.'

ಯಾರೂ ಉಸಿರೆತ್ತಲಿಲ್ಲ.
ಕೇಳಿದರೆ ಕೊಡಬೇಕು,
ಕೊಟ್ಟರೆ ಗೋಡೆ ಕುಸಿಯುತ್ತದೆ.
ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತೆ,
ಕದ್ದವನ ಹಾಗೆ.

ಆಕೆ ಶೋಘಿಕಳ ಕಡೆ ತಿರುಗಿದಳು:
'ಒಲೆ ಆ ಮೂಲೆಗೆ ಯಾಕೆ ಹುಡುಗಿ?
ಇಲ್ಲಿಡು. ಈ ಕಲ್ಲಿಗೆ ಅಭ್ಯಾಸ ಇದೆ.'

ಹೊಗೆಕೊಳವೆ ಬಿಚ್ಚಿ ಮತ್ತೆ ಕೂರಿಸಿದೆ.
ಎರಡು ದಿನದ ಕೆಲಸ, ಕೂಲಿ ಕೇಳಲಿಲ್ಲ.
ಈಗ ಗುರುವಾರಕ್ಕೊಮ್ಮೆ ಬರುತ್ತಾಳಂತೆ,
ಒಲೆಯ ಪಕ್ಕ ಕುಕ್ಕರಿಸುತ್ತಾಳಂತೆ,
ಉಪ್ಪು ಹೆಚ್ಚಾಯಿತು ಅನ್ನುತ್ತಾಳಂತೆ.

ನಾನು ಊರಾಚೆಯ ರಾಶಿಯಲ್ಲಿ
ಮುಂದಿನ ಮನೆಗೆ ಕಲ್ಲು ಆರಿಸುತ್ತೇನೆ.
ತಟ್ಟುವ ಮೊದಲು ಈಗ
ಅಂಚು ತಿರುಗಿಸಿ ನೋಡುತ್ತೇನೆ,
ದೋಣಿಯ ಮೂತಿ ಇದೆಯೋ ಅಂತ.