ಒಂಟಿ ಚಪ್ಪಲಿ

ತಿಕೋಟಾದಾಗ ಫೆಬ್ರುವರಿ ಬಿಸಿಲಿಗೆ
ಇನ್ನೂ ಹಲ್ಲು ಬಂದಿರೂದಿಲ್ಲ.
ಹಸರ ನೆಟ್ಟಿನ ಕೆಳಗ, ಸಾಲು ಸಾಲು ರ‍್ಯಾಕಿನ ಮ್ಯಾಲ
ಹರವಿದ ದ್ರಾಕ್ಷಿ ದಿನಕ್ಕಿಷ್ಟು ಸೊರಗತಾವ.
ಹದಿನೈದು ದಿನಕ್ಕ ಹಿಡದು ನೋಡಿದ್ರ
ಬೆರಳಿಗೆ ಅಂಟೂದಿಲ್ಲ,
ಅಂಟಿದಂಗ ಮಾಡತಾವ.

ಹಳದಿಗೆ ಒಂದು ರೇಟು, ಕಂದಿಗೆ ಅದರ ಅರ್ಧ.
ಗಾಳಿ ಮುಟ್ಟಿದ್ರ ಕಂದು ಆಗತಾವಂತ
ಸಂಜಿ ಆರಕ್ಕ ಗಂಧಕದ ಕೋಣಿ.
ತಗಡಿನ ತಾಟಿನ್ಯಾಗ ಪುಡಿ ಸುರುವಿ, ಕಡ್ಡಿ ಗೀರಿ,
ನೀಲಿ ಉರಿ ಏಳೂದರೊಳಗ ಹೊರಗ ಓಡಬೇಕು,
ಬಾಗಲ ಸಂದಿಗೆ ಹಸಿ ಗೋಣಿ ತುರಕಬೇಕು.
ಅದು ನನ್ನ ಕೆಲಸ, ಒಂಬತ್ತು ವರ್ಷ ಆತು.
"ಬೌರವ್ವ, ನಿನ್ನಂಗ ಉಸರ ಹಿಡಿಯಾವ್ರು ಯಾರೂ ಇಲ್ಲ"
ಅಂತಾನ ಬಿರಾದಾರ ಸಾವಕಾರ.

ಉಸರು ಈಗ ತಾನ ಹಿಡೀತೈತಿ.
ನಸುಕಿನ್ಯಾಗ ಎದಿಯೊಳಗ ಯಾರೋ ಸೀಟಿ ಊದತಾರ,
ಬಸ್ಸು ಮಾತ್ರ ಹೊಂಡೂದಿಲ್ಲ.

ಮಗಳು ಸಾವಂತ್ರಿ, ಬಿ.ಎಸ್ಸಿ. ಎರಡನೇ ವರ್ಷ,
ರೊಟ್ಟಿ ಬಡಿಯೂ ಮುಂದ ನೋಟಬುಕ್ಕ ತಗದು ಕುಂತಳು.
"ಫ್ರೀ ರ‍್ಯಾಡಿಕಲ್ ಅಂದ್ರ ಏನು ಗೊತ್ತೇನವ್ವ?
ಮೊನ್ನಿ ಬಬಲೇಶ್ವರದ ಮದವ್ಯಾಗ ಆತಲ್ಲ, ಅದ."

ಆವತ್ತು ಊಟದ ಪಂಕ್ತಿ ಎದ್ದು ಕೈ ತೊಳಿಯೂದರೊಳಗ
ಚೆನ್ನಮಲ್ಲ ಮಾಮಾನ ಎಡಗಾಲ ಚಪ್ಪಲಿ ನಾಯಿ ಒಯ್ದಿತ್ತು.
ಅವ ಕಳ್ಳ ಅಲ್ಲ.
ನೆಲ ಕಾದಿತ್ತು, ಒಂದು ಕಾಲು ಸುಡತಿತ್ತು, ಅಷ್ಟ.
ಮಗ್ಗಲದಾಗಿನ ಒಂದು ಎಡಗಾಲಿಂದು ಮೆಟ್ಟಿ ನಡದ.
ಅದರ ಒಡ್ಯಾ ಬಂದ, ಬೈದ, ಮತ್ತೊಬ್ಬರದು ಮೆಟ್ಟಿದ.
ಅವರು ಇನ್ನೊಬ್ಬರದು.
ಬೀಗರು, ಅಡಗಿಯಾವ್ರು, ಬ್ಯಾಂಡಿನಾವ್ರು,
ಇಡೀ ಮಂಟಪ ಜೋಡಿ ಕೂಡಲಾರದ ಕಾಲು,
ತಾಳಿ ಕಟ್ಟಿದ್ದು ಯಾರಿಗೂ ನೆನಪಿಲ್ಲ.

ಕಡೀಕ ನಮ್ಮ ಓಣಿ ಹುಸೇನಬಿ
"ನಂದ ಒಯ್ರಿ, ನನ್ನ ಕಾಲು ಗಟ್ಟಿ ಅದಾವ" ಅಂದು
ಬರಿಗಾಲಲೇ ಬಸ್‌ಸ್ಟ್ಯಾಂಡಿನ ತನಕ ಹ್ವಾದಳು.
ಗದ್ದಲ ಅಲ್ಲಿಗೆ ನಿಂತಿತು.

"ಎಲೆಕ್ಟ್ರಾನೂ ಹಂಗ, ಜೋಡಿ ಇದ್ರ ಸುಮ್ಮನಿರತೈತಿ.
ಒಂಟಿ ಆತಂದ್ರ ಕಸಗೋತೈತಿ, ಕಳಕೊಂಡಾಂವ ಮತ್ತ ಕಸಗೋತಾನ.
ನಿಂಬಿಹಣ್ಣು, ನೆಲ್ಲಿಕಾಯಿ, ದ್ರಾಕ್ಷಿ ಸಿಪ್ಪಿ,
ಇವೆಲ್ಲಾ ಹುಸೇನಬಿ ಜಾತಿ."

ರೊಟ್ಟಿ ಹೊತ್ತಿತು. ಹೊತ್ತಲಿ ಅಂದೆ.

ಮೈಯಾಗಷ್ಟ ಅಲ್ಲಂತ,
ಬಸ್ಸಿನ ಹೊಗಿಯಾಗ, ಕಸಾ ಸುಡೂ ಉರಿಯಾಗ, ಬೀಡಿಯಾಗ,
ಮ್ಯಾಲಿನ ಗಾಳಿಯಾಗೂ ಅದಾವಂತ.
ನಾ ಹಚ್ಚಿದ ಗಂಧಕದ ಹೊಗಿ ಅಲ್ಲಿ ಸಿಕ್ಕರ
ಹಿಡದು ಹುಳಿ ಮಾಡಿ ಮಳಿಯಾಗ ಇಳಸತಾವಂತ.
ಕೋಣಿ ಹಿಂದಿನ ಬೇವಿನ ಗಿಡ ನೆನಪಾತು:
ರಸ್ತಾದ ಕಡೆ ಹಸರು,
ಕೋಣಿ ಕಡೆ ಎಲಿ ಎಲ್ಲಾ ಸುಟ್ಟ ಹಾಳಿ.

"ಎಲ್ಲಾ ಕೆಟ್ಟವಲ್ಲವ್ವ, ಗಾಯಕ್ಕ ಕೂತ ಹುಳಾ ಕೊಲ್ಲಾಕ
ಮೈ ತಾನ ಅವನ್ನ ಹುಟ್ಟಸತೈತಿ."
ಹುಟ್ಟಿಸಿದ ಮ್ಯಾಲ ಹೇಳಿದ ಮಾತು ಕೇಳತಾವೇನು?
ಅದು ತಾಯಿಗೊತ್ತು.

"ಹಂಗಾದ್ರ, ದ್ರಾಕ್ಷಿನ ಕಾಯೂ ಹೊಗಿ
ನನ್ನ ಯಾಕ ಕಾಯೂದಿಲ್ಲ?"
ಹಾಳಿ ಮುಂದ ತಿರುವಿದಳು, ಹಿಂದ ತಿರುವಿದಳು.
"ಸಿಲೆಬಸ್ನಾಗ ಇಲ್ಲವ್ವ."
ಆಮ್ಯಾಲ ಬಾಳೊತ್ತು ನನ್ನ ಬೆನ್ನ ಮ್ಯಾಲ ಕೈ ಇಟ್ಟು
ಸೀಟಿ ಎಲ್ಲಿ ಊದತೈತಿ ಅಂತ ಹುಡುಕಿದಳು.

ಇವತ್ತೂ ಆರಕ್ಕ ಕಡ್ಡಿ ಗೀರಿದೆ, ಓಡಿದೆ, ಗೋಣಿ ತುರಕಿದೆ.
ಸೆರಗಿನ ಮ್ಯಾಲ ಅಕಿ ತಂದ ಬಿಳಿ ಮಾಸ್ಕು,
ಸಾವಕಾರ ನಕ್ಕ, ನಗಲಿ.
ಬೇವಿನ ಹಸರ ಮಗ್ಗಲದಾಗ ಕುಂತೆ,
ಜರಡಿಯಿಂದ ಬೇರೆ ಮಾಡಿದ ಕಂದು ಕಾಳು ಮುಷ್ಟಿ ತುಂಬ.
ಹಳದಿಗಿಂತ ರುಚಿ, ರೇಟಿಲ್ಲ ಅಷ್ಟ.
ಒಂದು ಹಲ್ಲಿನ್ಯಾಗ ಸಿಕ್ಕಿತು.

ಅದನ್ನ ನಾಲಿಗಿಲೆ ಬಿಡಸಕೋತ ಕೆಳಗ ನೋಡತೀನಿ:
ಬಲಗಾಲಾಗ ನನ್ನ ಕರೇ ಹವಾಯಿ,
ಎಡಗಾಲಾಗ ಸಾವಂತ್ರಿದು, ಕೆಂಪು ಪಟ್ಟೀದು.
ಮುಂಜಾನಿ ಕತ್ತಲ್ಯಾಗ ಬಸ್ಸಿಗೆ ಓಡಿದಳಲ್ಲ,
ಈಗ ವಿಜಯಪುರದಾಗ, ಎಲ್ಲೋ ಲ್ಯಾಬಿನ ಬಾಗಲ ಮುಂದ
ಅಕಿನೂ ಕೆಳಗ ನೋಡಿರಬೇಕು.