ಚಿಟಿಕೆ

ಗ್ರಿಮ್ಸ್‌ಬಿಯ ಈ ಶಿಶುವಿಹಾರದಲ್ಲಿ
ಸೋಮವಾರ ನನ್ನ ಮೊದಲ ಕೆಲಸ
ಹೊಸ ಮೇಣದ ಬಳಪಗಳನ್ನು ಮುರಿಯುವುದು.
ಪಟ್, ಪಟ್.
ವಿಲ್ಫ್ ಅತ್ತ, ನೀಲಿ ಸತ್ತುಹೋಯ್ತು ಅಂತ.
ಸತ್ತಿಲ್ಲ ಮರಿ, ಮರಿ ಹಾಕಿತು ಅಂದೆ.

ಉದ್ದ ಬಳಪವಾದರೆ ಅವನದು ಮುಷ್ಟಿ,
ಅವನಜ್ಜ ಬಂದರಿನಲ್ಲಿ ಹಗ್ಗ ಹಿಡಿದಂತೆ;
ಭುಜದಿಂದಲೇ ಎಳೆಯುತ್ತಾನೆ ಗೀಟು
ಕಾಗದ ಹರಿಯುವವರೆಗೆ.
ತುಂಡಿಗೆ ಮುಷ್ಟಿ ದೊಡ್ಡದು.
ಬೆರಳ ತುದಿಗಳೇ ಬರಬೇಕು, ಮೂರೇ ಮೂರು.

ಈ ಹಿಡಿತಕ್ಕೆ ಇಲ್ಲಿ ಏನೋ ಉದ್ದದ ಹೆಸರು,
ತರಬೇತಿಯಲ್ಲಿ ಚಿತ್ರ ಬರೆದು ತೋರಿಸಿದ್ದರು.
ನನಗೆ ಕೇಳಿದ್ದು ಕುದಿವ ಸಾರಿನಾಚೆಯಿಂದ
ಅಮ್ಮನ ದನಿ:
ಚಿಟಿಕೆ ಉಪ್ಪು ಅಂದೆ ಕಣೇ, ಹಿಡಿ ಅಲ್ಲ.

ಮೂರು ವಾರ. ಮೀನಿನ ಹೊಟ್ಟೆ ದಾಟಿ
ನೀಲಿ ಮೇಜಿನ ಮೇಲೆಲ್ಲ ಹರಿಯಿತು.
ಒರೆಸಿದೆ. ಗೆರೆಯೊಳಗೇ ಇರು ಅನ್ನಲಿಲ್ಲ.
ಮೀನಿಗೆ ನೀರು ಬೇಡವೆ?

ಇವತ್ತು ಕಡಲ ಕಡೆಯಿಂದ ಕೊರೆವ ಗಾಳಿ.
ಕೋಟು ಮುಚ್ಚಲು ಬಾಗಿದೆ; ಕೈ ತಳ್ಳಿದ.
ನಾಲಿಗೆ ಹೊರಗಿಟ್ಟು, ನೀಲಿ ಮೆತ್ತಿದ ಮೂರು ಬೆರಳಲ್ಲಿ
ಗುಂಡಿಯನ್ನು ಕಾಜದ ಬಾಯಿಗೆ ಉಣಿಸಿದ.
ಮೇಲಿನದು ಕೆಳಗಿನದಕ್ಕೆ.
ಕೋಟು ಸೊಟ್ಟ.

ಸೊಟ್ಟಗೇ ಓಡಿದ.