ಆರು ಮುಷ್ಟಿ ಮೇಲೆ

ಪ್ಯಾನಲ್ಲು ರಾತ್ರಿಯೇ ತೊಳೆಯಬೇಕು.
ಹಗಲು ಕಾದ ಗಾಜಿಗೆ ತಣ್ಣೀರು ಬಿದ್ದರೆ
ಚಟ್ಟನೆ ಸೀಳು; ಸಂಬಳದಲ್ಲಿ ಹಿಡಿಯುತ್ತಾರೆ.
ಅದಕ್ಕೇ ತಿರುಮಣಿಯ ನಾವು ಆರು ಜನ ಹೆಂಗಸರು
ಊರು ಮಲಗಿದ ಮೇಲೆ ಟ್ಯಾಂಕರಿನ ಹಿಂದೆ ಹೊರಡುತ್ತೇವೆ,
ಉದ್ದ ಕೋಲಿನ ತುದಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು.

ನಲವತ್ತೆರಡನೇ ಸಾಲು ನನ್ನದು.
ಅದರಡಿಯ ಮಣ್ಣೂ ನಮ್ಮದೇ,
ಅಪ್ಪ ಕಡ್ಲೆಕಾಯಿ ಬಿತ್ತಿದ ಹೊಲ,
ಈಗ ವರ್ಷಕ್ಕಿಷ್ಟು ಅಂತ ಬಾಡಿಗೆಗೆ.
ಆಗ ಕಾಲಡಿ ಇದ್ದ ಧೂಳು
ಈಗ ಎದೆಮಟ್ಟಕ್ಕೆ ಎದ್ದು ಗಾಜಿನ ಮೇಲೆ ಕೂತಿದೆ.
ಅದೇ ಧೂಳು. ನಾನು ಗುರುತು ಹಿಡಿಯುತ್ತೇನೆ.

ದಶಮಿ ರಾತ್ರಿ.
ಒರೆಸಿದ ಗಾಜಿಗೆಲ್ಲ ಒಂದೊಂದು ಚಂದ್ರ,
ಒರೆಸದ ಗಾಜಿಗೆ ಮಜ್ಜಿಗೆ ಚೆಲ್ಲಿದಂಥ ಕಲೆ.
ನಾನು ಸರಿದರೆ ಅವನೂ ಸರಿಯುತ್ತಾನೆ
ಮೇಸ್ತ್ರಿಯ ಹಾಗೆ, ಬಿಟ್ಟ ಜಾಗ ತೋರಿಸುತ್ತಾ.

ಮೊನ್ನೆ ಅವನ ಸುತ್ತ ಗುಡಿ ಕಟ್ಟಿತ್ತು.
ಗುಡಿ ದೂರವಾದರೆ ಮಳೆ ಹತ್ತಿರ ಅನ್ನುತ್ತಿದ್ದಳು ಅವ್ವ, ತೆಲುಗಿನಲ್ಲಿ.
ಮಳೆಯ ಮಾತು ಅವಳಿಗೆ ತೆಲುಗಿನಲ್ಲೇ ಬರುತ್ತಿತ್ತು,
ಬೈಗುಳ ಕನ್ನಡದಲ್ಲಿ.
ಬಂತು, ನಾಲ್ಕು ಹನಿ.
ಗಾಜಿನ ಮೇಲೆ ನಾಲ್ಕು ಸಾವಿರ ಕೆಸರು ಚುಕ್ಕೆ.

ಗೇಟು ಕಾಯುವ ರಹಮತುಲ್ಲಾ ಸಾಬರು
ಮೊದಲು ಪಾವಗಡದ ಹೈಸ್ಕೂಲಿನಲ್ಲಿ ಲ್ಯಾಬು ಅಟೆಂಡರು.
ಮೂವತ್ತು ವರ್ಷ ಬೀಕರು ತೊಳೆದವರಿಗೆ
ಗಾಜು ತೊಳೆಯುವವರನ್ನು ಕಂಡರೆ ಅಕ್ಕರೆ.
ಟೀ ಬಗ್ಗಿಸಿಕೊಡುತ್ತಾ ಅಂದರು:
'ಓಬಳಕ್ಕ, ಚಂದ್ರನ ದಾರೀಲೇ ಎರಡು ಧೂಳಿನ ಮೋಡ ಇವೆಯಂತೆ.
ಒಂದು ಅವನಿಗಿಂತ ಮುಂದೆ, ಒಂದು ಹಿಂದೆ.
ಭೂಮಿ ಜಗ್ಗುತ್ತೆ, ಚಂದ್ರ ಜಗ್ಗುತ್ತೆ,
ಆ ಜಗ್ಗಾಟದ ನಡುವೆ ಅಲೆಯೋ ಧೂಳು ಅಲ್ಲಿ ಬಂದು ತಂಗುತ್ತೆ,
ಅಂಗಳದ ಮೂಲೇಲಿ ಕಸ ಕೂಡಿಕೊಳ್ಳೋ ಹಾಗೆ.
ಪೋಲೆಂಡಿನವನೊಬ್ಬ ಬೆಟ್ಟ ಹತ್ತಿ ಬರಿಗಣ್ಣಲ್ಲಿ ಕಂಡೆ ಅಂದ.
ಕೆಲವರು ನಂಬಿದರು, ಕೆಲವರು ನಕ್ಕರು.
ಅರವತ್ತು ವರ್ಷದ ಹತ್ತಿರ ಆದ ಮೇಲೆ
ಇದೆ ಅಂತ ಇನ್ನಾರೋ ಲೆಕ್ಕ ತೋರಿಸಿದರು.'

'ಎಷ್ಟು ಮುಂದೆ?'
'ಆರು ಮುಷ್ಟಿ. ತೋಳು ಪೂರಾ ಚಾಚಿ ಅಳೀಬೇಕು.'
'ನಿಮ್ಮ ಮುಷ್ಟಿಯೋ, ನನ್ನದೋ?'
ಸಾಬರು ಯೋಚಿಸಿದರು, ಟೀ ಆರುವಷ್ಟು ಹೊತ್ತು.
'ನಿನ್ನ ಮುಷ್ಟಿ ಚಿಕ್ಕದು, ತೋಳೂ ಚಿಕ್ಕದು.
ಆಕಾಶದ ಲೆಕ್ಕದಲ್ಲಿ ಇಬ್ಬರದೂ ಒಂದೇ.'
ಕೂಲಿ ಲೆಕ್ಕದಲ್ಲಿ ಅಂಥ ಮಾತು ನಾನು ಕೇಳಿಲ್ಲ.

ಎರಡು ಗಂಟೆಗೆ ಚಂದ್ರ ಮುಳುಗಿದ.
ಅಷ್ಟೂ ಗಾಜು ಒಟ್ಟಿಗೆ ಕಣ್ಣು ಮುಚ್ಚಿದವು.
ಅವನು ಇಳಿದ ಜಾಗಕ್ಕೆ ಮುಷ್ಟಿ ಇಟ್ಟೆ, ಅದರ ಮೇಲೊಂದು,
ಲಾಭ, ಎರಡು, ಮೂರು...
(ಕಣದಲ್ಲಿ ರಾಶಿ ಅಳೆಯುವಾಗ ಅಪ್ಪ
ಒಂದು ಅಂದದ್ದೇ ಇಲ್ಲ)
ಆರನೆಯದಕ್ಕೆ ಕತ್ತು ನೋಯುವಷ್ಟು ಎತ್ತರ.

'ನೇರ ನೋಡಬೇಡ. ಪಕ್ಕಕ್ಕೆ ನೋಡು.
ನೋಡ್ತಾ ಇಲ್ಲ ಅನ್ನೋ ಹಾಗೆ ನೋಡು.'
ಅದು ನನಗೆ ಗೊತ್ತು.
ಮದುವೆಗೆ ಮುಂಚೆ ಗಂಡನನ್ನು ನೋಡಿದ್ದೇ ಹಾಗೆ.

ಕಂಡಿತೇ?
ಸಬ್‌ಸ್ಟೇಷನ್ನಿನ ದೀಪ ಒಂದು ಕಡೆಯಿಂದ ಚುಚ್ಚುತ್ತಿತ್ತು.
ಒಗೆದೊಗೆದು ಬಣ್ಣ ಬಿಟ್ಟ ಸೀರೆಯ ಮಡಿಕೆಯಂತೆ
ಕತ್ತಲು ಒಂದು ಜಾಗದಲ್ಲಿ ಕೊಂಚ ಸವೆದಿತ್ತು, ಅಷ್ಟೆ.
ಹನುಮಕ್ಕ, 'ಏನೂ ಇಲ್ಲ ಬಿಡೇ' ಅಂದಳು.
ಅವಳಿಗೆ ಅಳೆಯುವುದು ಹೇಳಿಕೊಟ್ಟೆ,
ಒರೆಸದೆ ಉಳಿದಿದ್ದ ಕೊನೆಯ ಗಾಜಿನ ಮೇಲೆ.

ಇಲ್ಲಿ ಧೂಳು ಕೂತರೆ ಕಣ್ಣಿಗೆ ಕಾಣುವ ಮುಂಚೆಯೇ
ಆಫೀಸಿನ ಮೀಟರಿನಲ್ಲಿ ಬೆಳಕು ಕಡಿಮೆ.
ಅಲ್ಲಿ ಮೇಲೆ ಧೂಳು ಬೆಳಕು ತಿನ್ನುವುದಿಲ್ಲವೇನೋ.
ಸೂರ್ಯ ಕೊಟ್ಟದ್ದರಲ್ಲಿ ಚಿಟಿಕೆಯಷ್ಟು ನಮ್ಮ ಕಡೆ ಎಸೆಯುತ್ತದೆ.
ಯಾರೂ ಒರೆಸದಿದ್ದರೆ ಸಾಕು.

ಬೆಳಿಗ್ಗೆ ಸೂಪರ್‌ವೈಸರು ಕೂಗಿದ:
'ಒಳಗೆ ಯಾವ ಮಗು ಬಿಟ್ಟಿದ್ರಿ?'
ಗಾಜಿನ ಧೂಳಿನಲ್ಲಿ ಒಂದರ ಮೇಲೊಂದು
ಆರು ಮುಷ್ಟಿ ಗುರುತು.
ಬಟ್ಟೆ ಹಿಂಡಿಕೊಂಡು ಹೋದೆ.
ಮೇಲಿನಿಂದ ಕೆಳಕ್ಕೆ ಒರೆಸಿದೆ:
ಆರು, ಐದು, ನಾಲ್ಕು, ಮೂರು, ಎರಡು,
ಲಾಭ.